ಮೀನಿನ ಮೂಳೆ ಚಿತ್ರ: ಕೆಲಸದ ಜಾಗದ ಸಮಸ್ಯೆಗೆ ಕಾರಣ ಹುಡುಕಲು ತಂಡ ಕೂರುವ ಬಗೆ

ಪಾರ್ಟ್ ರಿಜೆಕ್ಟ್ ಆಗಿ ಕಸ್ಟಮರ್ ಕಡೆಯಿಂದ ವಾಪಸ್ ಬಂತೆಂದರೆ, ಮೀಟಿಂಗ್ ಶುರುವಾಗಿ ಹತ್ತು ನಿಮಿಷ ಕಳೆಯುವುದರೊಳಗೆ ತೀರ್ಪು ಸಿದ್ಧವಾಗಿರುತ್ತದೆ. ಪ್ರೊಡಕ್ಷನ್‌ನವರು ಮೆಟೀರಿಯಲ್ ಸರಿಯಿಲ್ಲ ಅನ್ನುತ್ತಾರೆ. ಪರ್ಚೇಸ್‌ನವರು ಮಷಿನ್ ಹಳೆಯದು ಅನ್ನುತ್ತಾರೆ. ಮೇಂಟೆನೆನ್ಸ್‌ನವರು ಆಪರೇಟರ್ ಕಡೆ ಕೈ ತೋರಿಸುತ್ತಾರೆ. ಆ ಆಪರೇಟರ್ ಮಾತ್ರ ಮೀಟಿಂಗಿನಲ್ಲಿ ಇರುವುದಿಲ್ಲ. ಕೊನೆಗೆ "ಆಪರೇಟರ್‌ಗೆ ತಿಳಿವಳಿಕೆ ನೀಡಲಾಗಿದೆ" ಎಂದು ರಿಪೋರ್ಟ್ ಹೋಗುತ್ತದೆ, ಮುಂದಿನ ತಿಂಗಳು ಅದೇ ಪಾರ್ಟ್ ಮತ್ತೆ ವಾಪಸ್ ಬರುತ್ತದೆ.

ಮೀನಿನ ಮೂಳೆ ಚಿತ್ರ ಇರುವುದು ಈ ಅವಸರದ ತೀರ್ಪನ್ನು ಒಂದೆರಡು ದಿನ ತಡೆದು ನಿಲ್ಲಿಸುವುದಕ್ಕೆ. ಬಲಗಡೆ ಸಮಸ್ಯೆ, ಅದಕ್ಕೆ ಬಂದು ಸೇರುವ ಒಂದು ಬೆನ್ನೆಲುಬು, ಅದಕ್ಕೆ ಓರೆಯಾಗಿ ಅಂಟಿಕೊಂಡ ದೊಡ್ಡ ಮೂಳೆಗಳು, ಅವುಗಳ ಮೇಲೆ ಸಣ್ಣ ಮುಳ್ಳುಗಳಂತೆ ಕಾರಣಗಳು. ಇದನ್ನು ಬಳಕೆಗೆ ತಂದವರು ಟೋಕಿಯೊ ವಿಶ್ವವಿದ್ಯಾಲಯದ ಕಓರು ಇಶಿಕಾವಾ. 1943ರಲ್ಲಿ ಕವಾಸಾಕಿ ಉಕ್ಕಿನ ಕಾರ್ಖಾನೆಯ ಎಂಜಿನಿಯರುಗಳಿಗೆ ಹಲವು ಕಾರಣಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ತೋರಿಸಲು ಅವರು ಇದನ್ನು ಬರೆದರು. 1962ರಲ್ಲಿ ಜಪಾನಿನಲ್ಲಿ ಕ್ವಾಲಿಟಿ ಸರ್ಕಲ್‌ಗಳು (ಗುಣಮಟ್ಟದ ಸಮಸ್ಯೆ ಬಿಡಿಸಲು ಕೂರುವ ಕಾರ್ಮಿಕರ ಸಣ್ಣ ತಂಡಗಳು) ಹುಟ್ಟಿದ ಮೇಲೆ ಇದು ಎಂಜಿನಿಯರನ ಮೇಜಿನಿಂದ ಕಾರ್ಮಿಕರ ಕೈಗೆ ಬಂತು. ನಮ್ಮ ದೇಶದಲ್ಲಿ 1980ರಲ್ಲಿ ಹೈದರಾಬಾದ್ ಬಳಿಯ ರಾಮಚಂದ್ರಾಪುರಂ ಬಿಎಚ್‌ಇಎಲ್‌ನಲ್ಲಿ ಮೊದಲ ಕ್ವಾಲಿಟಿ ಸರ್ಕಲ್ ಶುರುವಾಯಿತು.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು: ಈ ಚಿತ್ರ ಕಾರಣವನ್ನು ಸಾಬೀತು ಮಾಡುವುದಿಲ್ಲ. ಸಂಶಯಕ್ಕೆ ಒಳಗಾದವರೆಲ್ಲರ ಪಟ್ಟಿಯನ್ನು ಒಂದೇ ಹಾಳೆಯ ಮೇಲೆ ತರುತ್ತದೆ, ಅಷ್ಟೇ. ಹಾಳೆ ತುಂಬಿದ ಮೇಲೆ ಶಾಪ್ ಫ್ಲೋರಿಗೆ ಇಳಿದು ಪರೀಕ್ಷೆ ಮಾಡದಿದ್ದರೆ ಬರೆದದ್ದಕ್ಕೆಲ್ಲ ಗೋಡೆಯ ಅಲಂಕಾರಕ್ಕಿಂತ ಹೆಚ್ಚಿನ ಬೆಲೆಯಿಲ್ಲ.

ವಿವರಣೆಗೆ ಒಂದೇ ಉದಾಹರಣೆಯನ್ನು ಉದ್ದಕ್ಕೂ ಬಳಸೋಣ. ಪೀಣ್ಯದಲ್ಲಿ ಗಲ್ಲಿಗೊಂದರಂತೆ ಕಾಣುವ ಬಗೆಯ ಸಣ್ಣ ಸಿಎನ್‌ಸಿ ಟರ್ನಿಂಗ್ ಶಾಪ್, ಅಂದರೆ ಕಂಪ್ಯೂಟರ್ ನಡೆಸುವ ಲೇತ್‌ನಲ್ಲಿ ಲೋಹದ ಬಾರ್ ತಿರುಗಿಸಿ ಕಡಿಯುವ ಜಾಗ. ಅಲ್ಲಿ ತಯಾರಾಗುವುದು ಸ್ಟೀಲ್ ಶಾಫ್ಟ್. ಬೇರಿಂಗ್ ಕೂರುವ ಜಾಗದ ವ್ಯಾಸ 25 ಮಿ.ಮೀ., h7 (ಸಣ್ಣಕ್ಷರದ ಎಚ್) ಟಾಲರೆನ್ಸ್: ಅಂದರೆ 25.000ಕ್ಕಿಂತ ಹೆಚ್ಚಾಗುವಂತಿಲ್ಲ, 24.979ಕ್ಕಿಂತ ಕಡಿಮೆಯಾಗುವಂತಿಲ್ಲ. ಒಟ್ಟು ಇರುವ ಜಾಗ 21 ಮೈಕ್ರಾನ್, ಅಂದರೆ 0.021 ಮಿ.ಮೀ. ಪೀಸ್‌ಗಳ ಲೆಕ್ಕವನ್ನು ಉದಾಹರಣೆಗೆಂದೇ ಇಟ್ಟುಕೊಂಡಿದ್ದೇವೆ, ಮಷಿನಿನ ನಡವಳಿಕೆ ಮಾತ್ರ ನಿಜವಾಗಿ ಇರುವಂಥದ್ದೇ.

ತಲೆ ಬರೆಯುವುದು: ಅರ್ಧ ಕೆಲಸ ಇಲ್ಲೇ

ಮೀನಿನ ತಲೆಯಲ್ಲಿ "ರಿಜೆಕ್ಷನ್ ಜಾಸ್ತಿ" ಎಂದು ಬರೆದರೆ ಮುಂದಿನ ಒಂದೂವರೆ ಗಂಟೆ ಹಾಳು. ಯಾವ ರಿಜೆಕ್ಷನ್? ಗೀರು ಬಿದ್ದದ್ದೇ, ವ್ಯಾಸ ತಪ್ಪಿದ್ದೇ, ಉದ್ದ ತಪ್ಪಿದ್ದೇ? ಒಂದೊಂದಕ್ಕೂ ಬೇರೆ ಬೇರೆ ಕಾರಣ ಇರುವಾಗ ಎಲ್ಲವನ್ನೂ ಒಂದೇ ತಲೆಗೆ ಕಟ್ಟಿದರೆ ಮೂಳೆಗಳೆಲ್ಲ ಕಲಸಿಹೋಗುತ್ತವೆ.

ಮೀಟಿಂಗಿಗೆ ಎರಡು ದಿನ ಮೊದಲೇ ಯಾರಾದರೂ ಒಬ್ಬರು ಇನ್ಸ್‌ಪೆಕ್ಷನ್ ರಿಜಿಸ್ಟರ್ ಹಿಡಿದು ಕೂರಬೇಕು. ನಾಲ್ಕು ವಾರದ ಲೆಕ್ಕ ಸಾಮಾನ್ಯವಾಗಿ ಸಾಕು. ನಮ್ಮ ಉದಾಹರಣೆಯಲ್ಲಿ 3,200 ಶಾಫ್ಟ್‌ಗಳಲ್ಲಿ 112 ರಿಜೆಕ್ಟ್, ಅಂದರೆ 3.5%. ಅದನ್ನು ದೋಷದ ಪ್ರಕಾರ ಬಿಡಿಸಿದರೆ 84 ಪೀಸ್‌ಗಳಲ್ಲಿ ವ್ಯಾಸ ಕಡಿಮೆ, ಉಳಿದ 28ರಲ್ಲಿ ಗೀರು, ಉದ್ದ, ಇತರೆ. ಮೊದಲ ಹಾಳೆ ಆ 84ಕ್ಕೆ ಮೀಸಲು.

ಅಲ್ಲಿಗೇ ನಿಲ್ಲಬೇಡಿ. ಪಾಳಿ, ಮಷಿನ್, ಬಾರ್‌ನ ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನ ಗುರುತು), ವಾರದ ದಿನ, ಹೀಗೆ ಬೇರೆ ಬೇರೆ ದಿಕ್ಕಿನಿಂದ ಅದೇ 84ನ್ನು ಬಿಡಿಸಿ ನೋಡಿ. ಹಗಲು ಪಾಳಿಯಲ್ಲಿ 1,800 ಪೀಸ್ ಆಗಿ 23 ಕೆಟ್ಟಿವೆ, ರಾತ್ರಿ 1,400 ಆಗಿ 61 ಕೆಟ್ಟಿವೆ ಎಂದುಕೊಳ್ಳಿ. ಹಗಲು 1.3%, ರಾತ್ರಿ 4.4%. ಬರೀ ಸಂಖ್ಯೆಯನ್ನಲ್ಲ, ಶೇಕಡಾವಾರನ್ನೇ ನೋಡಬೇಕು. ಹೆಚ್ಚು ಓಡುವ ಮಷಿನ್‌ನಲ್ಲಿ ಹೆಚ್ಚು ಪೀಸ್ ಕೆಡುವುದು ಸಹಜ, ಅದರಿಂದ ಏನೂ ತಿಳಿಯುವುದಿಲ್ಲ.

ಈಗ ತಲೆಯ ವಾಕ್ಯ ಹೀಗಾಗುತ್ತದೆ: "ಶಾಫ್ಟ್‌ನ ಬೇರಿಂಗ್ ಜಾಗದ ವ್ಯಾಸ 24.979ಕ್ಕಿಂತ ಕಡಿಮೆ: 4 ವಾರದಲ್ಲಿ 84 ಪೀಸ್, ರಾತ್ರಿ ಪಾಳಿಯಲ್ಲಿ ಹಗಲಿನ ಮೂರು ಪಟ್ಟಿಗಿಂತ ಹೆಚ್ಚು." ಏನು, ಎಲ್ಲಿ, ಯಾವಾಗ, ಎಷ್ಟು: ನಾಲ್ಕೂ ಇವೆ. ಯಾಕೆ ಎಂಬುದು ಮಾತ್ರ ಇಲ್ಲ, ಇರಲೂಬಾರದು. "ರಾತ್ರಿ ಆಪರೇಟರ್ ಗಮನ ಕೊಡದೆ ವ್ಯಾಸ ಕಡಿಮೆ ಬರುತ್ತಿದೆ" ಎಂದು ತಲೆಯಲ್ಲೇ ಬರೆದುಬಿಟ್ಟರೆ ತಂಡಕ್ಕೆ ಹುಡುಕಲು ಏನೂ ಉಳಿಯುವುದಿಲ್ಲ. "ಹೊಸ ಮಷಿನ್ ಇಲ್ಲದೆ" ಎಂದು ಬರೆದರೂ ಅಷ್ಟೇ. ಅದು ಕಾರಣದ ವೇಷ ಹಾಕಿದ ಪರಿಹಾರ.

ಇನ್ನೊಂದು ಉಪಯುಕ್ತ ಪ್ರಶ್ನೆ: ಈ ಸಮಸ್ಯೆ ಎಲ್ಲಿ ಇಲ್ಲ? ಪಕ್ಕದ ಮಷಿನ್‌ನಲ್ಲಿ ಇದೇ ಪಾರ್ಟ್ ಓಡುತ್ತಿದ್ದು ಅಲ್ಲಿ ಸರಿ ಬರುತ್ತಿದ್ದರೆ ಬಾರ್‌ನ ಮೇಲಿನ ಸಂಶಯ ಅಲ್ಲಿಗೇ ಅರ್ಧ ಕರಗುತ್ತದೆ. ಇಂಥ ಎರಡು ಮೂರು "ಇಲ್ಲಿ ಇಲ್ಲ"ಗಳನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ, ಆಮೇಲೆ ಬಹಳ ಕೆಲಸಕ್ಕೆ ಬರುತ್ತವೆ.

ಯಾರು ಕೂರಬೇಕು

ಐದರಿಂದ ಎಂಟು ಜನ. ಹತ್ತು ದಾಟಿದರೆ ಮೂವರು ಮಾತಾಡುತ್ತಾರೆ, ಉಳಿದವರು ಫೋನ್ ನೋಡುತ್ತಾರೆ. ನಮ್ಮ ಶಾಫ್ಟ್‌ಗೆ ಎರಡೂ ಪಾಳಿಯ ಆಪರೇಟರ್‌ಗಳು, ಸೆಟ್ಟರ್ (ಮಷಿನನ್ನು ಪಾರ್ಟ್‌ಗೆ ಹೊಂದಿಸಿ ಕೊಡುವವರು), ಇನ್ಸ್‌ಪೆಕ್ಷನ್‌ನವರೊಬ್ಬರು, ಮೇಂಟೆನೆನ್ಸ್‌ನವರೊಬ್ಬರು, ಇನ್ಸರ್ಟ್ (ಟೂಲಿನ ತುದಿಯಲ್ಲಿ ಕೂರುವ, ಸವೆದಾಗ ಮೂಲೆ ತಿರುಗಿಸಿ ಬಳಸುವ ಕಡಿಯುವ ತುಣುಕು) ಕೊಡುವ ಸ್ಟೋರ್ಸ್‌ನವರೊಬ್ಬರು ಬೇಕೇ ಬೇಕು. ಸ್ಟೋರ್ಸ್‌ನವರನ್ನು ಬಹಳ ಕಡೆ ಮರೆಯುತ್ತಾರೆ. ಯಾವ ಇನ್ಸರ್ಟ್ ಮುಗಿದು ಅದರ ಬದಲಿಗೆ ಯಾವುದನ್ನು ಕೊಟ್ಟರು ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ನಡೆಸಿಕೊಡುವವರು ಆ ವಿಭಾಗದ ಮುಖ್ಯಸ್ಥರಾಗದಿದ್ದರೆ ಒಳ್ಳೆಯದು. ಮಾಲೀಕರೋ ಮ್ಯಾನೇಜರೋ ಬರಲೇಬೇಕೆಂದಿದ್ದರೆ ಕೊನೆಯ ಇಪ್ಪತ್ತು ನಿಮಿಷಕ್ಕೆ ಬರಲಿ, ಬಂದವರು ಮೊದಲು ಕೇಳಲಿ. ಸಂಬಳ ಕೊಡುವವರು ಎದುರಿಗೆ ಕೂತಿರುವಾಗ "ನಾನು ಮೊದಲ ಪೀಸ್ ಅಳೆಯೋದಿಲ್ಲ" ಎಂದು ಯಾರೂ ಬಾಯಿ ಬಿಡುವುದಿಲ್ಲ. ಆದರೆ ನಮಗೆ ಬೇಕಾಗಿರುವುದು ಆ ಒಂದು ವಾಕ್ಯವೇ.

ರಾತ್ರಿ ಪಾಳಿಯವರನ್ನು ನಿದ್ದೆ ಕೆಡಿಸಿ ಮಧ್ಯಾಹ್ನ ಕರೆಸಬೇಡಿ. ಪಾಳಿ ಬದಲಾಗುವ ಹೊತ್ತಿಗೆ, ಬೆಳಿಗ್ಗೆ ಅವರು ಹೊರಡುವ ಮುಂಚೆ ಅಥವಾ ರಾತ್ರಿ ಬಂದ ಕೂಡಲೇ ಇಟ್ಟುಕೊಳ್ಳಿ. ಆ ಸಮಯಕ್ಕೆ ಓವರ್‌ಟೈಮ್ ಸಿಗುತ್ತದೆ, ಪ್ರೊಡಕ್ಷನ್ ಇನ್ಸೆಂಟಿವ್ ಕಡಿತವಾಗುವುದಿಲ್ಲ ಎಂದು ಮೊದಲೇ ಹೇಳಿ. ಒಡಿಶಾ, ಬಿಹಾರ, ತಮಿಳುನಾಡಿನಿಂದ ಬಂದವರು ತಂಡದಲ್ಲಿದ್ದರೆ ಅವರವರ ಭಾಷೆಯಲ್ಲೇ ಬರೆಯಲಿ, ಬರೆಯಲು ಮುಜುಗರವಿದ್ದರೆ ಹೇಳಲಿ, ಪಕ್ಕದವರು ಅವರ ಮಾತನ್ನು ತಿದ್ದದೆ ಬರೆದುಕೊಳ್ಳಲಿ.

ಹಾಳೆ, ಪೆನ್ನು, ಗೆರೆ

ಲ್ಯಾಪ್‌ಟಾಪಿನಲ್ಲಿ ಒಬ್ಬರು ಟೈಪ್ ಮಾಡಿ ಉಳಿದವರು ನೋಡುವುದಾದರೆ ಅದನ್ನು ತಂಡದ ಕೆಲಸ ಎನ್ನಲಾಗದು. ಎರಡು ಚಾರ್ಟ್ ಪೇಪರ್ ಸೇರಿಸಿ ಗೋಡೆಗೆ ಅಂಟಿಸಿ, ಸುಮಾರು ಒಂದು ಮೀಟರ್ ಅಗಲ ಇರಲಿ. ತಲಾ ಹದಿನೈದು ಅಂಟುಚೀಟಿ, 3 ಇಂಚು ಚೌಕದ್ದು. ಪ್ರತಿಯೊಬ್ಬರಿಗೂ ದಪ್ಪ ಮಾರ್ಕರ್. ಬಾಲ್ ಪೆನ್ ಕೊಟ್ಟರೆ ನಾಲ್ಕು ಅಡಿ ದೂರದಿಂದ ಓದಲಾಗುವುದಿಲ್ಲ, ಜೊತೆಗೆ ಜನ ಉದ್ದುದ್ದ ಬರೆಯುತ್ತಾರೆ.

ಬಲತುದಿಯಲ್ಲಿ ಚೌಕ ಬರೆದು ತಲೆಯ ವಾಕ್ಯ ಹಾಕಿ. ಅಲ್ಲಿಂದ ಎಡಕ್ಕೆ ಉದ್ದ ಗೆರೆ. ಮೇಲೆ ಮೂರು, ಕೆಳಗೆ ಮೂರು ಓರೆಗೆರೆ, ತಲೆಯ ಕಡೆಗೆ ವಾಲಿದಂತೆ. ಅವುಗಳ ನಡುವೆ ಧಾರಾಳ ಜಾಗ ಬಿಡಿ. ಆರು ಮೂಳೆಗಳ ತುದಿಗೆ: ಜನ, ಮಷಿನ್, ಮೆಟೀರಿಯಲ್, ವಿಧಾನ, ಅಳತೆ, ಪರಿಸರ. ಕಾರ್ಖಾನೆಗೆ ಇದು ಹಳೆಯ, ಒಗ್ಗಿದ ಪಟ್ಟಿ. ಆಸ್ಪತ್ರೆಯ ಲ್ಯಾಬ್ ರಿಪೋರ್ಟ್ ತಡವಾಗುವುದಕ್ಕೋ ಕಚೇರಿಯಲ್ಲಿ ಫೈಲ್ ನಿಲ್ಲುವುದಕ್ಕೋ ಮೆಟೀರಿಯಲ್ ಬದಲು "ನಮಗೆ ಬರುವ ಮಾಹಿತಿ", ಮಷಿನ್ ಬದಲು "ಸಾಫ್ಟ್‌ವೇರ್ ಮತ್ತು ಸಲಕರಣೆ", ಇನ್ನೊಂದು ಮೂಳೆಗೆ "ನಿಯಮ, ಮಂಜೂರಾತಿ" ಎಂದು ಹಾಕಿಕೊಂಡರಾಯಿತು. ಸಾಫ್ಟ್‌ವೇರ್ ತಂಡಗಳು ಕೆಲಸದ ಹಂತಗಳನ್ನೇ ಮೂಳೆಗಳಾಗಿ ಇಟ್ಟುಕೊಳ್ಳುವುದುಂಟು, ಅದೂ ಸರಿಯೇ.

ಒಂದು ಕಾರಣ "ಜನ"ಕ್ಕೆ ಸೇರುತ್ತದೋ "ವಿಧಾನ"ಕ್ಕೋ ಎಂದು ಯಾರಾದರೂ ವಾದಕ್ಕಿಳಿದರೆ ಅರ್ಧ ನಿಮಿಷದಲ್ಲಿ ನಿಲ್ಲಿಸಿ, ಎಲ್ಲಾದರೂ ಅಂಟಿಸಿ. ಮೂಳೆಗಳಿರುವುದು ಯಾವ ದಿಕ್ಕೂ ಮರೆತುಹೋಗದಿರಲಿ ಎಂದು. ಚೀಟಿ ಯಾವ ಮೂಳೆಯ ಮೇಲಿದ್ದರೂ ಅದನ್ನು ಪರೀಕ್ಷಿಸುವ ಬಗೆ ಬದಲಾಗುವುದಿಲ್ಲ.

ಮೊದಲು ಬರೆಯುವುದು, ಆಮೇಲೆ ಮಾತು

ಎಂಟು ನಿಮಿಷ ಯಾರೂ ಮಾತಾಡುವಂತಿಲ್ಲ. ಒಂದು ಚೀಟಿಗೆ ಒಂದೇ ಕಾರಣ. ಮಾತಿನಿಂದ ಶುರುಮಾಡಿದರೆ ಮೊದಲು ಬಾಯಿ ತೆರೆದವರು ಹೇಳಿದ ದಿಕ್ಕಿಗೇ ಎಲ್ಲರೂ ಹೊರಳುತ್ತಾರೆ. ಹಿರಿಯ ಸೆಟ್ಟರ್ "ಚಕ್ ಪ್ರೆಷರ್" (ಪೀಸನ್ನು ಹಿಡಿಯುವ ಚಕ್‌ನ ಬಿಗಿತ) ಎಂದರೆ ಹೊಸ ಹುಡುಗನ ತಲೆಯಲ್ಲಿದ್ದ ಬೇರೆ ವಿಷಯ ಅಲ್ಲೇ ಅಡಗಿಹೋಗುತ್ತದೆ. ಬರೆದಾದ ಮೇಲೆ ಸರದಿಯಂತೆ ಒಬ್ಬೊಬ್ಬರು ಒಂದೊಂದು ಚೀಟಿ ಓದಿ ಅಂಟಿಸಲಿ. ಕಿರಿಯರಿಂದ ಶುರುಮಾಡಿ. ಅಂಟಿಸುವಾಗ ಬೇರೆಯವರು "ಅದಲ್ಲ ಬಿಡ್ರೀ" ಎನ್ನುವಂತಿಲ್ಲ, ಅರ್ಥವಾಗದಿದ್ದರೆ ಕೇಳಬಹುದು.

ಚೀಟಿಯ ಭಾಷೆಯನ್ನು ಬಿಗಿಯಾಗಿ ನೋಡಿಕೊಳ್ಳಬೇಕು. "ತರಬೇತಿ ಕೊರತೆ", "ನಿರ್ಲಕ್ಷ್ಯ", "ಮೇಂಟೆನೆನ್ಸ್ ಸರಿಯಿಲ್ಲ", ಇವನ್ನು ಯಾವ ಕಾರ್ಖಾನೆಯ ಯಾವ ಸಮಸ್ಯೆಗೆ ಬೇಕಾದರೂ ಅಂಟಿಸಬಹುದು, ಆದ್ದರಿಂದ ಇವುಗಳಿಂದ ಏನೂ ಗೊತ್ತಾಗುವುದಿಲ್ಲ. ಹೋಗಿ ನೋಡಿ ಹೌದು ಅಥವಾ ಇಲ್ಲ ಎನ್ನಲು ಬರುವಂತಿರಬೇಕು. "ತರಬೇತಿ ಕೊರತೆ"ಯನ್ನು "ರಾತ್ರಿಯ ಇಬ್ಬರಿಗೆ ವೇರ್ ಆಫ್‌ಸೆಟ್ ಹಾಕುವುದನ್ನು ಯಾರೂ ತೋರಿಸಿಲ್ಲ" ಎಂದು ಬಿಡಿಸಿ (ವೇರ್ ಆಫ್‌ಸೆಟ್ ಎಂದರೆ ಟೂಲಿನ ಸವೆತಕ್ಕೆ ತಕ್ಕಂತೆ ಮಷಿನ್‌ಗೆ ಕೊಡುವ ತಿದ್ದುಪಡಿಯ ಅಂಕಿ). "ಕೂಲೆಂಟ್ ಸರಿಯಿಲ್ಲ"ವನ್ನು "ಕೂಲೆಂಟ್ ಟ್ಯಾಂಕಿಗೆ ಬರೀ ನೀರು ಸೇರಿಸುತ್ತಿದ್ದಾರೆ, ಎಷ್ಟು ಗಟ್ಟಿಯಿದೆ ಎಂದು ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡುವುದಿಲ್ಲ" ಎಂದು.

"ನಿರ್ಲಕ್ಷ್ಯ" ಎಂಬ ಚೀಟಿಗೆ ಒಂದು ಸಿದ್ಧ ಪ್ರಶ್ನೆ ಇಟ್ಟುಕೊಳ್ಳಿ: ಇದೇ ಜಾಗದಲ್ಲಿ ಒಳ್ಳೆಯ ಕೆಲಸಗಾರ ನಿಂತಿದ್ದರೂ ಇದೇ ತಪ್ಪು ಆಗಬಹುದಿತ್ತೇ? ಬಹುತೇಕ ಸಲ ಆಗಬಹುದಿತ್ತು ಎಂಬ ಉತ್ತರ ಬರುತ್ತದೆ. ಆಗ ಆ ಚೀಟಿ ತೆಗೆದು, ತಪ್ಪಿಗೆ ದಾರಿ ಮಾಡಿಕೊಟ್ಟ ಪರಿಸ್ಥಿತಿಯನ್ನು ಬರೆಯಿರಿ. ಹಾಳೆಯ ಮೇಲೆ ವ್ಯಕ್ತಿಯ ಹೆಸರು ಬರಲೇಕೂಡದು. ಒಮ್ಮೆ ಬಂದರೆ ಮುಂದಿನ ಸಲ ಆ ತಂಡದಿಂದ ನಿಜ ಹೊರಡುವುದಿಲ್ಲ.

ಮುಳ್ಳಿನ ಮೇಲೆ ಮುಳ್ಳು: ಯಾಕೆ, ಮತ್ತೆ ಯಾಕೆ

ಮೊದಲ ಸುತ್ತಿನಲ್ಲಿ ಮೂವತ್ತು ನಲವತ್ತು ಚೀಟಿ ಬರುವುದು ಮಾಮೂಲು. ಒಂದೇ ಅರ್ಥದವನ್ನು ಒಂದರ ಮೇಲೊಂದು ಅಂಟಿಸಿ, ಆಮೇಲೆ ಒಂದೊಂದನ್ನೂ "ಯಾಕೆ?" ಎಂದು ಕೇಳುತ್ತ ಹೋಗಿ. ಐದು ಸಲ ಕೇಳಬೇಕೆಂಬ ಮಾತು ಚಾಲ್ತಿಯಲ್ಲಿದೆ, ಅದನ್ನು ಲೆಕ್ಕವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ಕೈಯಲ್ಲಿ ಬದಲಾಯಿಸಲು ಬರುವ ಒಂದು ಸಂಗತಿ ಸಿಗುವವರೆಗೆ ಕೇಳಿ. ಎರಡೇ ಸಲಕ್ಕೆ ಸಿಕ್ಕರೆ ಅಲ್ಲೇ ನಿಲ್ಲಿಸಿ. "ಮಾರ್ಕೆಟ್ ಹಾಗಿದೆ", "ಸರ್ಕಾರದ ನೀತಿ" ಎಂಬಲ್ಲಿಗೆ ಮುಟ್ಟಿದರೆ ಎರಡು ಹೆಜ್ಜೆ ಹಿಂದಕ್ಕೆ ಬನ್ನಿ.

"ಯಾಕೆ ಅಳೆಯಲಿಲ್ಲ?" ಎಂದರೆ ಗದರಿದಂತೆ ಕೇಳಿಸುತ್ತದೆ, ಉತ್ತರ ನೆಪವಾಗಿ ಬರುತ್ತದೆ. ಕೆಲಸ ಹೇಗೆ ನಡೆಯುತ್ತದೆಂದು ಕೇಳಿ. ಹೀಗೆ:

"ಅಣ್ಣ, ರಾತ್ರಿ ಇನ್ಸರ್ಟ್ ಚೇಂಜ್ ಮಾಡಿದ್ಮೇಲೆ ಏನೇನ್ ಮಾಡ್ತೀರಾ, ಒಂದೊಂದೇ ಹೇಳಿ."

"ಕಾರ್ನರ್ ತಿರುಗಿಸ್ತೀನಿ ಸಾರ್, ಟೈಟ್ ಮಾಡ್ತೀನಿ, ಸೈಕಲ್ ಸ್ಟಾರ್ಟ್ ಕೊಡ್ತೀನಿ. ಐದ್ ಪೀಸ್ ಆದ್ಮೇಲೆ ಮೈಕ್ರೋಮೀಟರ್ ಹಾಕ್ತೀನಿ."

"ಆಫ್‌ಸೆಟ್?"

"ಅದು ಹಗಲು ಸೆಟ್ಟರ್ ಹಾಕಿರ್ತಾರಲ್ಲ ಸಾರ್. ನಾವು ಮುಟ್ಟಬಾರ್ದು ಅಂತ ಹೇಳವ್ರೆ."

ಈ ನಾಲ್ಕು ಸಾಲಿನಲ್ಲಿ ಏನು ಸಿಕ್ಕಿತು ನೋಡಿ. ಟರ್ನಿಂಗ್‌ನಲ್ಲಿ ಇನ್ಸರ್ಟ್ ಸವೆದಂತೆ ಹೊರ ವ್ಯಾಸ ನಿಧಾನವಾಗಿ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಅದನ್ನು ಸರಿದೂಗಿಸಲು ಸೆಟ್ಟರ್ ವೇರ್ ಆಫ್‌ಸೆಟ್ಟನ್ನು ಮೈನಸ್ ಕಡೆಗೆ ಸ್ವಲ್ಪ ಸ್ವಲ್ಪ ಒತ್ತುತ್ತ ಬಂದಿರುತ್ತಾರೆ. ರಾತ್ರಿ ಹೊಸ ಮೂಲೆ ತಿರುಗಿಸಿದಾಗ ಸವೆತ ಹೋಯಿತು, ಮೈನಸ್ ಮಾತ್ರ ಹಾಗೇ ಉಳಿಯಿತು. ಟೂಲ್ ಬೇಕಾದ್ದಕ್ಕಿಂತ ಒಳಗೆ ಕಡಿಯುತ್ತದೆ, ಮೊದಲ ಪೀಸ್‌ಗಳ ವ್ಯಾಸ ಕಡಿಮೆ ಬರುತ್ತದೆ. ಸಾಲದ್ದಕ್ಕೆ ಸಾಮಾನ್ಯ ಇನ್ಸರ್ಟ್‌ಗಳಲ್ಲಿ ಒಂದು ಮೂಲೆಯಿಂದ ಇನ್ನೊಂದಕ್ಕೆ ಕೆಲವು ಶತಾಂಶ ಮಿಲಿಮೀಟರಿನ ಏರುಪೇರು ಇದ್ದೇ ಇರುತ್ತದೆ. ನಮ್ಮ ಟಾಲರೆನ್ಸೇ ಎರಡು ಶತಾಂಶ. ಐದು ಪೀಸ್ ಆದ ಮೇಲೆ ಅಳೆದರೆ ಅಷ್ಟರಲ್ಲಿ ಐದೂ ಸ್ಕ್ರ್ಯಾಪ್ ಆಗಿರಬಹುದು. ವ್ಯಾಸ ಹೆಚ್ಚಿದ್ದರೆ ಮತ್ತೊಂದು ಕಟ್ ಕೊಟ್ಟು ಉಳಿಸಬಹುದು, ಕಡಿಮೆಯಾದದ್ದಕ್ಕೆ ದಾರಿಯಿಲ್ಲ.

ಇನ್ನೊಂದು ಸಲ "ಯಾಕೆ?" ಕೇಳಿದರೆ: ಆಫ್‌ಸೆಟ್ ಮುಟ್ಟಬಾರದೆಂಬ ನಿಯಮ ಇರುವುದರಿಂದ. ಮತ್ತೊಂದು: ರಾತ್ರಿ ಸೆಟ್ಟರ್ ಇಲ್ಲದಿದ್ದರೂ ಇನ್ಸರ್ಟ್ ಬದಲಿಸುವ ಹೊತ್ತು ರಾತ್ರಿಯಲ್ಲೂ ಬರುವುದರಿಂದ. "ಜನ" ಮೂಳೆಯ ಮೇಲೆ ನಿಂತಿದ್ದ "ರಾತ್ರಿಯವರ ನಿರ್ಲಕ್ಷ್ಯ" ಈಗ "ವಿಧಾನ" ಮೂಳೆಗೆ ಬಂದು ಬೇರೆಯೇ ಮಾತಾಗಿದೆ. ಆಪರೇಟರ್ ನಿಯಮವನ್ನು ಪಾಲಿಸಿದ್ದಕ್ಕೇ ಪೀಸ್ ಕೆಟ್ಟಿದೆ.

ಕಾರಣದ ಸರಪಳಿ ಸರಿಯಿದೆಯೇ ಎಂದು ನೋಡಲು ತುದಿಯಿಂದ ತಲೆಯವರೆಗೆ "ಆದ್ದರಿಂದ" ಹಾಕಿ ಗಟ್ಟಿಯಾಗಿ ಓದಿ. ರಾತ್ರಿ ಸೆಟ್ಟರ್ ಇಲ್ಲ, ಆದ್ದರಿಂದ ಹೊಸ ಮೂಲೆಗೆ ಆಫ್‌ಸೆಟ್ ಬದಲಾಗುವುದಿಲ್ಲ, ಆದ್ದರಿಂದ ಮೊದಲ ಪೀಸ್‌ಗಳ ವ್ಯಾಸ ಕಡಿಮೆ. ಓದುತ್ತ ಎಲ್ಲಾದರೂ ನಾಲಿಗೆ ತಡೆದರೆ ನಡುವೆ ಒಂದು ಕೊಂಡಿ ಬಿಟ್ಟುಹೋಗಿದೆ.

ಅಳತೆಯ ಮೂಳೆ ಖಾಲಿ ಬಿಡಬೇಡಿ

ಬಹುತೇಕ ಹಾಳೆಗಳಲ್ಲಿ "ಅಳತೆ" ಮೂಳೆಯ ಮೇಲೆ ಒಂದೋ ಎರಡೋ ಚೀಟಿ ಇರುತ್ತವೆ. ಇದು ಸಂಶಯಪಡಬೇಕಾದ ಸಂಗತಿ. ಸಮಸ್ಯೆ ಇದೆ ಎಂದು ನಮಗೆ ಹೇಳಿದ್ದೇ ಅಳತೆ, ಅದೇ ತಪ್ಪಿದ್ದರೆ ಉಳಿದೆಲ್ಲ ವ್ಯರ್ಥ.

ಶಾಫ್ಟ್‌ನ ಮಟ್ಟಿಗೆ ಮೂರು ಪ್ರಶ್ನೆ. ಒಂದು, ಯಾವುದರಿಂದ ಅಳೆಯುತ್ತಿದ್ದಾರೆ? ಉಪಕರಣದ ಲೀಸ್ಟ್ ಕೌಂಟ್ (ಅದು ತೋರಿಸಬಲ್ಲ ಅತಿ ಸಣ್ಣ ಅಳತೆ) ಟಾಲರೆನ್ಸಿನ ಹತ್ತನೇ ಒಂದರಷ್ಟಿರಬೇಕೆಂಬುದು ಒಳ್ಳೆಯ ರೂಢಿ. 21 ಮೈಕ್ರಾನ್‌ಗೆ 1 ಮೈಕ್ರಾನ್ ತೋರಿಸುವ ಮೈಕ್ರೋಮೀಟರ್ ಬೇಕು, ವರ್ನಿಯರ್ ಸಾಲದು. ಎರಡು, ಎಲ್ಲರೂ ರ‍್ಯಾಚೆಟ್ ತಿರುಗಿಸಿ ಒಂದೇ ಒತ್ತಡದಲ್ಲಿ ಹಿಡಿಯುತ್ತಾರೆಯೇ, ಪಾಳಿ ಶುರುವಿನಲ್ಲಿ ಜೀರೋ ನೋಡುತ್ತಾರೆಯೇ? ಮೂರು, ಪೀಸ್ ಎಷ್ಟು ಬಿಸಿ ಇರುವಾಗ ಅಳೆಯುತ್ತಾರೆ?

ಮೂರನೆಯದನ್ನು ಲೆಕ್ಕ ಹಾಕಿಯೇ ನೋಡಬೇಕು. ಉಕ್ಕು ಪ್ರತಿ ಡಿಗ್ರಿಗೆ ಒಂದು ಮೀಟರ್‌ಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 25 ಮಿ.ಮೀ. ವ್ಯಾಸಕ್ಕೆ, ಪೀಸ್ 15 ಡಿಗ್ರಿ ಹೆಚ್ಚು ಬಿಸಿ ಇದ್ದರೆ, 4.3 ಮೈಕ್ರಾನ್. ಟಾಲರೆನ್ಸಿನ ಐದನೇ ಒಂದು ಭಾಗ ಅಲ್ಲೇ ಹೋಯಿತು. ಮಷಿನ್‌ನಿಂದ ತೆಗೆದ ಕೂಡಲೇ ಅಳೆದಾಗ ದಪ್ಪ ಕಾಣುತ್ತದೆ, ಆಪರೇಟರ್ ಸರಿಯಿದೆ ಎಂದುಕೊಳ್ಳುತ್ತಾನೆ ಅಥವಾ ಇನ್ನಷ್ಟು ಒಳಗೆ ಕಡಿಯುತ್ತಾನೆ. ಒಂದು ಗಂಟೆಯ ಮೇಲೆ ಇನ್ಸ್‌ಪೆಕ್ಷನ್ ಮೇಜಿನಲ್ಲಿ ಅದೇ ಪೀಸ್ ಕಡಿಮೆ ಬರುತ್ತದೆ. ಇಬ್ಬರೂ ತಮ್ಮದೇ ಸರಿ ಎಂದು ಜಗಳವಾಡುತ್ತಾರೆ, ಇಬ್ಬರ ಅಳತೆಯೂ ಸರಿಯೇ ಇರುತ್ತದೆ.

ದಿಕ್ಕು ನೋಡಿ ಸೋಸುವುದು

ಈಗ ಹಾಳೆಯ ಮೇಲೆ ಇಪ್ಪತ್ತೈದು ಕಾರಣ ಉಳಿದಿವೆ ಎಂದುಕೊಳ್ಳೋಣ. ಎಲ್ಲರಿಗೂ ಮೂರು ಮೂರು ಚುಕ್ಕೆ ಕೊಟ್ಟು ವೋಟ್ ಹಾಕಿಸುವುದು ವಾಡಿಕೆ. ಯಾವುದನ್ನು ಮೊದಲು ಪರೀಕ್ಷೆ ಮಾಡಬೇಕು ಎಂಬುದಕ್ಕೆ ವೋಟ್ ಆಗಬಹುದು, ಯಾವುದು ನಿಜ ಎಂಬುದಕ್ಕೆ ಆಗದು. ಎಂಟು ಜನ ಸೇರಿ ಚುಕ್ಕೆ ಇಟ್ಟ ಮಾತ್ರಕ್ಕೆ ಚಕ್ ಪ್ರೆಷರ್ ತಪ್ಪಿತಸ್ಥನಾಗುವುದಿಲ್ಲ.

ವೋಟಿಗೂ ಮುಂಚೆ ಇನ್ನೊಂದು ಜರಡಿ ಇದೆ. ಪ್ರತಿ ಕಾರಣಕ್ಕೂ ಕೇಳಿ: ಇದು ನಿಜವಾಗಿದ್ದರೆ ದೋಷ ಹೇಗೆ ಕಾಣಬೇಕಿತ್ತು? ಚಕ್ ಪ್ರೆಷರ್ ಹೆಚ್ಚಾದರೆ ಪೀಸ್ ದುಂಡಗೆ ಬರುವುದಿಲ್ಲ, ವ್ಯಾಸ ಒಂದೇ ಸಮ ಕಡಿಮೆಯಾಗುವುದಲ್ಲ. ಟೇಲ್‌ಸ್ಟಾಕ್ (ಪೀಸಿನ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗ) ವಾಲಿದ್ದರೆ ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಬರುತ್ತದೆ. ಇನ್ಸರ್ಟ್ ಸವೆತ ವ್ಯಾಸವನ್ನು ಹೆಚ್ಚಿಸುತ್ತದೆ. ಬಾರ್ ಗಡುಸಾಗಿದ್ದರೆ ಎರಡೂ ಪಾಳಿಯಲ್ಲಿ ಸಮನಾಗಿ ಕೆಡಬೇಕಿತ್ತು. ಕೆಟ್ಟ ಹತ್ತು ಪೀಸ್‌ಗಳನ್ನು ಮೇಜಿನ ಮೇಲಿಟ್ಟುಕೊಂಡು, ಮೂರು ಕಡೆ, ಎರಡು ದಿಕ್ಕಿನಲ್ಲಿ ಅಳೆದರೆ ಅರ್ಧ ಚೀಟಿಗಳು ಅಲ್ಲೇ ಉದುರುತ್ತವೆ. ಉದುರಿದವನ್ನು ಕಿತ್ತು ಎಸೆಯಬೇಡಿ, ಅಡ್ಡಗೆರೆ ಎಳೆದು ಯಾಕೆ ಅಲ್ಲವೆಂದು ಎರಡು ಪದ ಬರೆಯಿರಿ. ಮೂರು ತಿಂಗಳ ಮೇಲೆ ಯಾರೋ ಬಂದು "ಚಕ್ ನೋಡಿದ್ರಾ?" ಎಂದು ಕೇಳಿಯೇ ಕೇಳುತ್ತಾರೆ.

ಪರೀಕ್ಷೆ

ಉಳಿದ ನಾಲ್ಕೈದು ಕಾರಣಗಳಿಗೆ ಹಾಳೆಯ ಕೆಳಗೇ ಐದು ಕಾಲಂ ಬರೆಯಿರಿ: ಕಾರಣ, ನೋಡುವ ಬಗೆ, ಯಾರು, ಯಾವ ತಾರೀಖಿನೊಳಗೆ, ಏನು ಸಿಕ್ಕಿತು. "ಯಾರು" ಕಾಲಂನಲ್ಲಿ "ತಂಡ" ಎಂದಿದ್ದರೆ ಅದು ಆಗುವ ಕೆಲಸವಲ್ಲ, ಒಬ್ಬರ ಹೆಸರಿರಲಿ. (ಹೆಸರು ಬರೆಯಬೇಕಾದ ಒಂದೇ ಜಾಗ ಇದು.)

ನಮ್ಮ ಶಾಫ್ಟ್‌ಗೆ:

- ಇನ್ಸರ್ಟ್ ಬದಲಾವಣೆ: ಒಂದು ವಾರ ಪ್ರತಿ ಪೀಸ್‌ಗೂ ತಯಾರಾದ ಕ್ರಮದಲ್ಲೇ ನಂಬರ್ ಹಾಕಿ ಟ್ರೇಯಲ್ಲಿಡುವುದು, ಮೂಲೆ ತಿರುಗಿಸಿದಾಗೆಲ್ಲ ಮುಂದಿನ ಪೀಸ್ ನಂಬರ್ ಬರೆದಿಡುವುದು. ಕೆಟ್ಟ ಪೀಸ್‌ಗಳು ಬದಲಾವಣೆಯ ಬೆನ್ನಿಗೇ ಗುಂಪಾಗಿ ಬಿದ್ದರೆ ಕಾರಣ ನಿಜ. ಎಲ್ಲೆಡೆ ಚದುರಿದ್ದರೆ ಬೇರೇನೋ ಇದೆ.
- ಬಿಸಿ ಪೀಸ್: ಹತ್ತು ಪೀಸ್‌ಗಳನ್ನು ತೆಗೆದ ಕೂಡಲೇ ಅಳೆದು ಬರೆದು, ಒರೆಸಿ, ಅರ್ಧ ಗಂಟೆ ಮೇಜಿನ ಮೇಲಿಟ್ಟು, ಅದೇ ಜಾಗದಲ್ಲಿ ಅದೇ ಮೈಕ್ರೋಮೀಟರಿನಿಂದ ಮತ್ತೆ ಅಳೆಯುವುದು.
- ಅಳೆಯುವ ಕೈ: ಅದೇ ಹತ್ತು ಪೀಸ್‌ಗಳನ್ನು ಇಬ್ಬರು, ಒಬ್ಬರ ಅಂಕಿ ಇನ್ನೊಬ್ಬರಿಗೆ ಕಾಣದಂತೆ, ಎರಡೆರಡು ಸಲ ಅಳೆಯುವುದು.
- ತಣ್ಣಗಿನ ಮಷಿನ್: ಪಾಳಿಯ ಮೊದಲ ಇಪ್ಪತ್ತು ಪೀಸ್‌ಗಳ ವ್ಯಾಸವನ್ನು ಕ್ರಮವಾಗಿ ಗ್ರಾಫ್ ಹಾಳೆಯ ಮೇಲೆ ಗುರುತಿಸುವುದು. ಮಷಿನ್ ಬಿಸಿಯಾದಂತೆ ಅಳತೆ ಒಂದೇ ಕಡೆ ಜಾರುತ್ತಿದ್ದರೆ ಗೆರೆಯಲ್ಲೇ ಕಾಣುತ್ತದೆ.

ಕಾರಣವನ್ನು ತೆಗೆದಾಗ ದೋಷ ಹೋಗಬೇಕು, ಮತ್ತೆ ಹಾಕಿದಾಗ ಮರಳಿ ಬರಬೇಕು. ಎರಡನೆಯದನ್ನು ಮಾಡಲು ಯಾರಿಗೂ ಮನಸ್ಸಿರುವುದಿಲ್ಲ. ಆದರೆ ಸ್ಕ್ರ್ಯಾಪ್ ಬಾರ್‌ನ ಮೇಲೆ ಹಳೆಯ ರೀತಿಯಲ್ಲೇ ಎರಡು ಸಲ ಮೂಲೆ ತಿರುಗಿಸಿ ನೋಡುವುದಕ್ಕೆ ಅರ್ಧ ಗಂಟೆ ಸಾಕು, ಆಮೇಲೆ ವಾದವೇ ಇರುವುದಿಲ್ಲ.

ಪರೀಕ್ಷೆಯಲ್ಲಿ ಇನ್ಸರ್ಟ್ ಬದಲಾವಣೆಯೇ ಹಿಡಿದುಬಂದರೆ ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ಮೂಲೆ ತಿರುಗಿಸಿದ ಮೇಲೆ ವೇರ್ ಆಫ್‌ಸೆಟ್ಟನ್ನು ವ್ಯಾಸ 0.10 ಮಿ.ಮೀ. ದಪ್ಪ ಬರುವಂತೆ ಏರಿಸಿ ಒಂದು ಪೀಸ್ ಕಡಿಯುವುದು, ತಣ್ಣಗಾದ ಮೇಲೆ ಅಳೆಯುವುದು, ಉಳಿದಷ್ಟನ್ನು ಮಾತ್ರ ಒಳಗೆ ತಂದು ಫಿನಿಶ್ ಕಟ್ ಮತ್ತೊಮ್ಮೆ ಓಡಿಸುವುದು. ಎರಡನೇ ಪೀಸನ್ನೂ ಅಳೆಯಬೇಕು, ಮೊದಲನೆಯದರಲ್ಲಿ ಕಟ್ ತೆಳುವಾಗಿದ್ದರಿಂದ ಅಳತೆ ತುಸು ಬೇರೆ ಬರುತ್ತದೆ. ಇದನ್ನು ಮಾಡಲು ರಾತ್ರಿ ಆಪರೇಟರ್‌ಗೆ ಅನುಮತಿ ಬೇಕು, ಹಗಲು ಹೊತ್ತಿನಲ್ಲಿ ಸೆಟ್ಟರ್ ಪಕ್ಕದಲ್ಲಿ ನಿಂತು ನಾಲ್ಕು ಸಲ ಮಾಡಿಸಿರಬೇಕು, ಆ ಐದು ನಿಮಿಷವನ್ನು ಪ್ರೊಡಕ್ಷನ್ ಲೆಕ್ಕದಿಂದ ಬಿಡಬೇಕು. ಕೊನೆಯದನ್ನು ಬಿಟ್ಟರೆ ಮೊದಲೆರಡೂ ಒಂದು ವಾರಕ್ಕಿಂತ ಹೆಚ್ಚು ನಿಲ್ಲುವುದಿಲ್ಲ: ಟಾರ್ಗೆಟ್ ಒತ್ತಿದ ರಾತ್ರಿ ಮೊದಲು ಬಿಟ್ಟುಹೋಗುವುದು ಅಳತೆಯೇ.

ಎಲ್ಲಿ ಕೆಡುತ್ತದೆ

ಆಡಿಟ್‌ಗೆಂದು ಬರೆಯುವ ಮೀನುಗಳದ್ದೇ ಒಂದು ಜಾತಿ. ಒಬ್ಬರೇ ಕೂತು ಎಕ್ಸೆಲ್‌ನಲ್ಲಿ ಆರೂ ಮೂಳೆಗೆ ನಾಲ್ಕು ನಾಲ್ಕು ಕಾರಣ ಸಮನಾಗಿ ಹಂಚಿರುತ್ತಾರೆ, ಕಳೆದ ವರ್ಷದ ಫೈಲಿನಿಂದ ತಲೆ ಮಾತ್ರ ಬದಲಾಗಿರುತ್ತದೆ. ನಿಜವಾದ ಹಾಳೆ ಹಾಗೆ ಒಪ್ಪವಾಗಿ ಇರುವುದಿಲ್ಲ. ಒಂದು ಮೂಳೆ ಚೀಟಿಗಳಿಂದ ಕಿಕ್ಕಿರಿದು ಇನ್ನೊಂದು ಬೋಳಾಗಿರುತ್ತದೆ. ಒಂದರ ಮೇಲೆ ಹದಿನೈದು ಇಪ್ಪತ್ತು ಸೇರಿದರೆ ಆ ಮೂಳೆಯನ್ನೇ ತಲೆ ಮಾಡಿ ಹೊಸ ಹಾಳೆ ತೆಗೆದುಕೊಳ್ಳಿ.

ಒಂದೇ ಸಲಕ್ಕೆ ಎಲ್ಲವನ್ನೂ ಮುಗಿಸಬೇಕೆಂಬ ಹಟವೂ ಕೆಡಿಸುತ್ತದೆ. ಚೀಟಿ ಬರೆಯುವುದಕ್ಕೆ, ಯಾಕೆ ಕೇಳುವುದಕ್ಕೆ ಒಂದೂವರೆ ಗಂಟೆ. ಆಮೇಲೆ ಹಾಳೆಯನ್ನು ಮಷಿನ್ ಪಕ್ಕದ ಗೋಡೆಗೆ ಎರಡು ದಿನ ಬಿಡಿ, ಕೆಳಗೆ ಖಾಲಿ ಚೀಟಿ, ಮಾರ್ಕರ್ ಇಡಿ. ಮೀಟಿಂಗಿನಲ್ಲಿ ಬಾಯಿ ಬಿಡದ ಹೆಲ್ಪರ್ ಟೀ ಹೊತ್ತಿನಲ್ಲಿ ಬಂದು ಅಂಟಿಸಿ ಹೋಗುವ ಚೀಟಿಯನ್ನು ಎಲ್ಲಕ್ಕಿಂತ ಮೊದಲು ಓದಿ.

ಚಿತ್ರಕ್ಕೇ ಒಂದು ಮಿತಿಯಿದೆ. ಕಾರಣಗಳೆಲ್ಲ ಒಂದೇ ಕಡೆಗೆ, ತಲೆಯ ಕಡೆಗೆ ಹರಿಯುತ್ತವೆ ಎಂದು ಅದು ನಂಬುತ್ತದೆ. ರಿಜೆಕ್ಷನ್ ಹೆಚ್ಚಿ, ಅದನ್ನು ತುಂಬಲು ವೇಗ ಹೆಚ್ಚಿಸಿ, ವೇಗದಿಂದ ಮತ್ತೆ ರಿಜೆಕ್ಷನ್ ಹೆಚ್ಚುವ ಸುತ್ತುಗಳು ಇದರಲ್ಲಿ ಕಾಣುವುದಿಲ್ಲ, ಅಂಥದ್ದು ಕಂಡರೆ ಬಾಣ ಎಳೆದು ತೋರಿಸಿ. ಯಾವ ಕಾರಣ ಎಷ್ಟು ದೊಡ್ಡದೆಂದೂ ಇದು ಹೇಳುವುದಿಲ್ಲ. ಕಾರಣ ಮೊದಲೇ ಗೊತ್ತಿದ್ದು, ಮಾಡುವವರಿಗೆ ಮನಸ್ಸೋ ದುಡ್ಡೋ ಇಲ್ಲದಿದ್ದರೆ ಇಂಥ ಮೀಟಿಂಗ್ ಕರೆಯಬೇಡಿ, ಜನರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಬೇರೆ ಬೇರೆ ಊರಿನಲ್ಲಿ ಕೂತ ತಂಡವಾದರೆ ಆನ್‌ಲೈನ್ ಬೋರ್ಡಿನಲ್ಲೂ ಇದೇ ಕ್ರಮ: ಮೌನವಾಗಿ ಬರೆಯುವಾಗ ಎಲ್ಲರೂ ಮ್ಯೂಟ್, ಬರೆದವರ ಹೆಸರು ಚೀಟಿಯ ಮೇಲೆ ಕಾಣದಂತೆ ಸೆಟ್ಟಿಂಗ್ ಇದ್ದರೆ ಬಳಸಿಕೊಳ್ಳಿ.

ಆಮೇಲಿನ ನಾಲ್ಕು ವಾರ

ಬದಲಾವಣೆ ಜಾರಿಯಾದ ದಿನದಿಂದ ಮತ್ತೆ ನಾಲ್ಕು ವಾರ, ಅದೇ ರಿಜಿಸ್ಟರ್, ಅದೇ ರೀತಿಯ ಬಿಡಿಸುವಿಕೆ. ರಾತ್ರಿಯ ಶೇಕಡಾವಾರು ಹಗಲಿನ ಮಟ್ಟಕ್ಕೆ ಇಳಿಯಿತೇ ಎಂಬುದೇ ಪ್ರಶ್ನೆ. ಅರ್ಧಕ್ಕೆ ಮಾತ್ರ ಇಳಿದರೆ ಅಡ್ಡಗೆರೆ ಬೀಳದೆ ಉಳಿದ ಇನ್ನೊಂದು ಕಾರಣ ಕೆಲಸ ಮಾಡುತ್ತಿದೆ, ಹಾಳೆಗೆ ವಾಪಸ್ ಹೋಗಿ. ಬಿಸಿ ಪೀಸಿನ ಅಂಕಿಗಳನ್ನು ಮೊದಲು ನೋಡಿ.

ಹಾಳೆಯ ಫೋಟೋ ತೆಗೆದು ಪಾರ್ಟ್ ನಂಬರ್, ಮಷಿನ್ ನಂಬರ್, ತಾರೀಖಿನ ಜೊತೆ ಸೆಟ್ಟಿಂಗ್ ಶೀಟಿನ ಫೈಲಿನಲ್ಲಿಡಿ. ಕ್ವಾಲಿಟಿ ವಿಭಾಗದ ಬೀರುವಿನಲ್ಲಿಟ್ಟರೆ ರಾತ್ರಿ ಬೇಕಾದವರಿಗೆ ಕೀಲಿ ಸಿಗುವುದಿಲ್ಲ. ಇನ್ನು ಗೀರು, ಉದ್ದ ಎಂದು ಪಕ್ಕಕ್ಕಿಟ್ಟ 28 ಪೀಸ್‌ಗಳಿವೆ. ಅವುಗಳಲ್ಲಿ ಗೀರಿನವು ಎಷ್ಟೆಂದು ಎಣಿಸಿ, ಎರಡನೇ ಹಾಳೆಯ ತಲೆಗೆ ಆ ವಾಕ್ಯ ಬರೆಯಿರಿ. ಈ ಸಲ ಟ್ರೇ ಹೊರುವ ಹೆಲ್ಪರ್‌ಗಳನ್ನೂ ಪ್ಯಾಕಿಂಗ್‌ನವರನ್ನೂ ಕರೆಯಬೇಕಾಗುತ್ತದೆ.